ಕನ್ನಡಿಯೊಡನೆ ಕಾದಾಡುವ ಮೀನು

ಉಬ್ರಾಣಿ ಕಡೆಯವರಿಗೆ ಮೀನೆಂದರೆ ಕೆರೆ ಮೀನು. ಕಡಲು ನೋಡಬೇಕೆಂದರೆ ಶಿವಮೊಗ್ಗ ದಾಟಿ ಘಟ್ಟ ಇಳಿಯಬೇಕು. ಚನ್ನಗಿರಿ ತಾಲ್ಲೂಕಿನ ನಮಗೆ ದೊಡ್ಡ ನೀರೆಂದರೆ ಸೂಳೆಕೆರೆ, ಅಂದರೆ ಶಾಂತಿಸಾಗರ. ಮಳೆ ಹಿಡಿದು ಕೆರೆಕಟ್ಟೆಗಳಿಗೆ ನೀರು ಬಂದ ಮೇಲೆ ಮೀನುಮರಿ ಬಿಡುವ ಕೆಲಸ ಶುರುವಾಗುತ್ತದೆ. ಆಮ್ಲಜನಕ ತುಂಬಿ ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲಗಳು ಬರುತ್ತವೆ. ಚೀಲವನ್ನು ಸ್ವಲ್ಪ ಹೊತ್ತು ಕೆರೆಯ ನೀರಿನಲ್ಲೇ ತೇಲಬಿಡುತ್ತಾರೆ. ಒಳಗಿನ ನೀರಿನ ಬಿಸಿಯೂ ಹೊರಗಿನದೂ ಒಂದಾದ ಮೇಲೆ ಬಾಯಿ ಬಿಚ್ಚಿ ಓರೆ ಮಾಡಿದರೆ ಮರಿಗಳು ತಾವಾಗಿಯೇ ಈಜಿ ಹೋಗುತ್ತವೆ. ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಜಾತಿಗಳು ಮೂರೂ ಒಂದೇ ಕೆರೆಗೆ. ಇವು ಒಂದನ್ನೊಂದು ಕಚ್ಚಿ ಸಾಯಿಸುತ್ತವೆಯೇ ಎಂಬ ಅನುಮಾನ ದಡದಲ್ಲಿ ನಿಂತ ಯಾರಿಗೂ ಬರುವುದಿಲ್ಲ.

ಉಪ್ಪುನೀರಿನ ಅಕ್ವೇರಿಯಂ ಇಟ್ಟವರಿಗೆ ಮೊದಲು ಬರುವುದೇ ಆ ಅನುಮಾನ. ಅದರಲ್ಲೂ ಟ್ಯಾಂಗ್ ಎಂಬ ಹವಳದಿಬ್ಬದ ಮೀನುಗಳ ವಿಷಯದಲ್ಲಿ. ಸಣ್ಣ ತೊಟ್ಟಿಗೆ ಎರಡು ಯೆಲ್ಲೋ ಟ್ಯಾಂಗ್ ಬಿಟ್ಟರೆ ಸ್ವಲ್ಪ ದಿನದಲ್ಲೇ ಒಂದರ ರೆಕ್ಕೆ ಹರಿದಿರುತ್ತದೆ. ಆಮೇಲೆ ಅದು ಮೂಲೆ ಸೇರುತ್ತದೆ, ಮೇವು ಬಿಡುತ್ತದೆ, ಕೊನೆಗೆ ಸಾಯುತ್ತದೆ. ಆದರೆ ದೊಡ್ಡ ತೊಟ್ಟಿಗಳಲ್ಲಿ ಇದೇ ಕುಟುಂಬದ ಐದಾರು ಜಾತಿಯ ಮೀನುಗಳು ವರ್ಷಗಟ್ಟಲೆ ಒಟ್ಟಿಗೆ ಬಾಳುವುದೂ ಉಂಟು. ಮೀನು ಅದೇ, ಬುದ್ಧಿಯೂ ಅದೇ. ಹಾಗಿದ್ದರೆ ವ್ಯತ್ಯಾಸ ಎಲ್ಲಿಂದ ಬಂತು?

ಇದಕ್ಕೆ ಉತ್ತರ ಒಬ್ಬರೇ ಒಂದು ದಿನ ಕಂಡುಹಿಡಿದದ್ದಲ್ಲ. ಜರ್ಮನಿಯ ಪ್ರಯೋಗಾಲಯದ ತೊಟ್ಟಿ, ಆಸ್ಟ್ರೇಲಿಯಾದ ಒಂದು ಪುಟ್ಟ ದ್ವೀಪ, ಹವಾಯಿಯ ದಡ, ಸೇಶೆಲ್ಸ್‌ನ ಅಲ್ಡಾಬ್ರಾ, ಒಡಿಶಾದ ಮೀನುಹೊಂಡ, ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಕಡೆಗಳಲ್ಲಿ ತುಣುಕು ತುಣುಕಾಗಿ ಸಿಕ್ಕಿದ್ದು. ಎಲ್ಲವನ್ನೂ ಸೇರಿಸಿ ನೋಡಿದರೆ ತಿಳಿಯುವ ಮಾತು ಒಂದೇ: ಮೀನಿನ ಜಗಳ ಹುಟ್ಟುವುದು ಹೋಲಿಕೆಯಿಂದ, ನೆಮ್ಮದಿ ಹುಟ್ಟುವುದು ಪಾಲು ಬೇರೆಯಾದಾಗ.

ಬಾಲದ ಬುಡದ ಅಲಗು

ಟ್ಯಾಂಗ್ ಎಂದರೂ ಸರ್ಜನ್ ಮೀನು ಎಂದರೂ ಒಂದೇ. ಅಕಾಂಥುರಿಡೇ ಎಂಬ ಈ ಕುಟುಂಬದಲ್ಲಿ ಎಂಬತ್ತಕ್ಕೂ ಹೆಚ್ಚು ಜಾತಿಗಳಿವೆ. ಬಾಲದ ಬುಡದಲ್ಲಿ, ಎರಡೂ ಪಕ್ಕಕ್ಕೆ, ಹರಿತವಾದ ಅಲಗು ಇರುವುದು ಇವುಗಳ ಗುರುತು. ಹಲವು ಜಾತಿಗಳಲ್ಲಿ ಆ ಅಲಗು ಮೈಯ ತೋಡಿನೊಳಗೆ ಮಡಚಿಕೊಂಡಿರುತ್ತದೆ, ಬಾಲ ಬಾಗಿದಾಗ ಹೊರಗೆ ನಿಲ್ಲುತ್ತದೆ. ಬಲೆ ಬಿಡಿಸುವವರ ಕೈ ಸೀಳುವಷ್ಟು ಚೂಪು. ಜಗಳಕ್ಕೆ ನಿಂತ ಟ್ಯಾಂಗ್ ಎದುರಾಳಿಯ ಪಕ್ಕಕ್ಕೆ ಬಂದು, ರೆಕ್ಕೆ ನಿಮಿರಿಸಿ ಮೈ ದೊಡ್ಡದು ಮಾಡಿಕೊಂಡು, ಬಾಲ ಬೀಸುತ್ತದೆ.

ಇಷ್ಟು ಆಯುಧವಿದ್ದರೂ ಇವು ಬೇಟೆಗಾರರಲ್ಲ. ಹೆಚ್ಚಿನವು ಕಲ್ಲಿನ ಮೇಲಿನ ಪಾಚಿ ಮೇಯುವವು. ಪಾಚಿಯಲ್ಲಿ ಕಸುವು ಕಡಿಮೆ, ಹಾಗಾಗಿ ಬೆಳಗಿನಿಂದ ಸಂಜೆಯವರೆಗೆ ಮೇಯುತ್ತಲೇ ಇರಬೇಕು. ಒಳ್ಳೆಯ ಪಾಚಿ ಬೆಳೆಯುವ ಒಂದು ತುಂಡು ಜಾಗ ಸಿಕ್ಕಿದರೆ ಅದು ಮೀನಿನ ಜೀವನದ ಆಸ್ತಿ. ಆ ಜೀವನ ಚಿಕ್ಕದೂ ಅಲ್ಲ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಸರ್ಜನ್ ಮೀನುಗಳ ಕಿವಿಯೊಳಗಿನ ಪುಟ್ಟ ಕಲ್ಲನ್ನು ತೆಳ್ಳಗೆ ಸೀಳಿ, ಅದರಲ್ಲಿ ವರ್ಷಕ್ಕೊಂದರಂತೆ ಮೂಡುವ ಗೆರೆ ಎಣಿಸಿ, ಹಲವು ಜಾತಿಗಳು 30ರಿಂದ 45 ವರ್ಷ ಬದುಕುತ್ತವೆ ಎಂದು ಚೋಟ್ ಮತ್ತು ಆಕ್ಸ್ ಎಂಬ ವಿಜ್ಞಾನಿಗಳು 1996ರಲ್ಲಿ ತೋರಿಸಿದರು.

ಇಂಥ ಮೀನನ್ನು ಮನೆಯಲ್ಲಿ ಬದುಕಿಸಿಕೊಳ್ಳುವುದೇ ಬಹಳ ಕಾಲ ಆಗದ ಮಾತಾಗಿತ್ತು. ಕಡಲಿನ ನೀರು ತೊಟ್ಟಿಯಲ್ಲಿ ಕೆಟ್ಟುಹೋಗುತ್ತಿತ್ತು. ಇಂಡೋನೇಷ್ಯಾದ ಲೀ ಚಿನ್ ಎಂಗ್ ಎಂಬ ಹವ್ಯಾಸಿ ಹವಳದಿಬ್ಬದ ಕಲ್ಲನ್ನು, ಅದರ ಮೇಲಿನ ಜೀವಿಗಳ ಸಮೇತ ತೊಟ್ಟಿಗೆ ಹಾಕಿ, ಗಾಳಿಗುಳ್ಳೆ ಬಿಟ್ಟು ನೀರು ತಿರುಗಿಸಿದರು. ಕಲ್ಲಿನ ರಂಧ್ರಗಳಲ್ಲಿದ್ದ ಬ್ಯಾಕ್ಟೀರಿಯಾಗಳೇ ಹೊಲಸನ್ನು ತಿಂದು ನೀರು ಶುದ್ಧವಾಗಿಟ್ಟವು. 1961ರಲ್ಲಿ ಅವರು ಈ ಕ್ರಮವನ್ನು ಬರೆದು ಪ್ರಕಟಿಸಿದರು. ಮುಂದೆ ಜರ್ಮನಿಯ ಹವ್ಯಾಸಿಗಳು ಇದನ್ನೇ ಇನ್ನಷ್ಟು ಬೆಳೆಸಿದರು. ಕಡಲ ಮೀನು ಮನೆಯಲ್ಲಿ ಬಾಳತೊಡಗಿದ ಮೇಲೆ ಎರಡನೆಯ ಪ್ರಶ್ನೆ ತಾನಾಗಿ ಎದುರಾಯಿತು: ಎಷ್ಟು ಮೀನು, ಯಾವ ಮೀನು, ಯಾವುದರ ಜೊತೆ ಯಾವುದು?

ಕಡಿತ ಎಣಿಸಿದವರು

ಆ ಪ್ರಶ್ನೆಯನ್ನು ಲೆಕ್ಕದ ಮೂಲಕ ಹಿಡಿದವರು ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆಂಟ್ಸ್. 1973ರಲ್ಲಿ ನೊಬೆಲ್ ಪಡೆದವರು. ಫ್ಲೋರಿಡಾದ ಹವಳದಿಬ್ಬಗಳ ಮೇಲೆ ಈಜಾಡಿ ನೋಡಿದಾಗ ಅವರಿಗೆ ಕಂಡದ್ದು ಇದು: ಬಣ್ಣಬಣ್ಣದ ಮೀನುಗಳು ಬೇರೆ ಜಾತಿಯವನ್ನು ಪಕ್ಕದಲ್ಲೇ ಬಿಟ್ಟುಕೊಳ್ಳುತ್ತವೆ, ತಮ್ಮದೇ ಜಾತಿಯ ಇನ್ನೊಂದು ಕಂಡರೆ ಮಾತ್ರ ಅಟ್ಟಿಸಿಕೊಂಡು ಹೋಗುತ್ತವೆ.

ಕಂಡದ್ದು ನಿಜವೇ ಎಂದು ತಿಳಿಯಲು ಅಕ್ವೇರಿಯಂನಲ್ಲಿ ಕಡಿತಗಳನ್ನೇ ಎಣಿಸಲಾಯಿತು. ಸುಮಾರು 25 ಜಾತಿಯ 100 ಮೀನು, ಅಂದರೆ ಜಾತಿಗೆ ನಾಲ್ಕು ಎಂದಿಟ್ಟುಕೊಳ್ಳಿ. ಮೀನು ಎದುರಿಗೆ ಸಿಕ್ಕಿದ್ದನ್ನೆಲ್ಲ ಒಂದೇ ರೀತಿ ಕಚ್ಚುವುದಾದರೆ, ತನ್ನ ಜಾತಿಯದಕ್ಕೆ ಬೀಳುವ ಪಾಲು ನೂರಕ್ಕೆ ಮೂರು. ಎಣಿಸಿದಾಗ ಬಂದದ್ದು ನೂರಕ್ಕೆ ಸುಮಾರು 85. ಉಳಿದ 15 ಮಾತ್ರ ಬೇರೆ ಜಾತಿಗಳಿಗೆ. 1963ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಲೊರೆಂಟ್ಸ್ ಇದಕ್ಕೆ ಕಾರಣವನ್ನೂ ಹೇಳಿದರು. ಆ ಗಾಢವಾದ ಬಣ್ಣಗಳು ದೂರದಿಂದಲೇ ಕಾಣುವ ಬಾವುಟಗಳು; ಈ ಜಾಗಕ್ಕೆ ಒಡೆಯನಿದ್ದಾನೆ ಎಂದು ತನ್ನ ಜಾತಿಗೆ ಸಾರುತ್ತವೆ, ಅದರಿಂದ ಒಂದೇ ಜಾತಿಯ ಮೀನುಗಳು ದಿಬ್ಬದ ಉದ್ದಕ್ಕೂ ಹರಡಿಕೊಳ್ಳುತ್ತವೆ ಎಂದು.

ಎಣಿಕೆ ಗಟ್ಟಿಯಾಗಿತ್ತು. ಬಣ್ಣದ ವಿವರಣೆ ಮಾತ್ರ ಮುಂದೆ ಅಲುಗಾಡಿತು.

ಬಾಟಲಿಯೊಳಗಿನ ಮೀನು

ಗ್ರೇಟ್ ಬ್ಯಾರಿಯರ್ ರೀಫ್‌ನ ಹೆರಾನ್ ದ್ವೀಪದಲ್ಲಿ ರೋಜರ್ ಲೋ ಎಂಬ ವಿಜ್ಞಾನಿ ಒಂದು ಸಣ್ಣ ಡ್ಯಾಮ್ಸೆಲ್ ಮೀನನ್ನು ನೋಡುತ್ತ ಕೂತರು. ಅಂಗೈಗಿಂತ ಚಿಕ್ಕದು, ಆದರೆ ತನ್ನ ಪಾಚಿಯ ಜಾಗಕ್ಕೆ ಕಾವಲು ನಿಂತರೆ ತನಗಿಂತ ಎಷ್ಟೋ ದೊಡ್ಡ ಮೀನುಗಳನ್ನೂ ಓಡಿಸುತ್ತಿತ್ತು. ಯಾರನ್ನು ಓಡಿಸುತ್ತದೆ, ಯಾರನ್ನು ಬಿಡುತ್ತದೆ ಎಂದು ಲೋ ಪಟ್ಟಿ ಮಾಡಿದರು. ಓಡಿಸಿಕೊಂಡವು ಬಹುತೇಕ ಪಾಚಿ ತಿನ್ನುವ ಜಾತಿಗಳು. ಹುಳು, ಏಡಿ, ಮೀನು ತಿನ್ನುವವು ಅದೇ ಜಾಗದ ಮೇಲೆ ಹಾದುಹೋದರೂ ಬಹುತೇಕ ಸುರಕ್ಷಿತ. 1971ರಲ್ಲಿ ಪ್ರಕಟವಾದ ಈ ಕೆಲಸ ಕತೆಯ ದಿಕ್ಕು ಬದಲಿಸಿತು. ಮೀನು ನೋಡುತ್ತಿದ್ದದ್ದು ಬರೀ ಬಣ್ಣವನ್ನಲ್ಲ, ತನ್ನ ತಟ್ಟೆಗೆ ಕೈ ಹಾಕುವವರನ್ನು.

ಅಮೆರಿಕದ ಆರ್ಥರ್ ಮಿರ್ಬರ್ಗ್ ಮತ್ತು ರೊನಾಲ್ಡ್ ಥ್ರೆಶರ್ ಇನ್ನೂ ಹತ್ತಿರಕ್ಕೆ ಹೋದರು. ಪಾರದರ್ಶಕ ಬಾಟಲಿಯೊಳಗೆ ಒಂದು ಮೀನು ಇಟ್ಟು, ಇನ್ನೊಂದು ಡ್ಯಾಮ್ಸೆಲ್ ಮೀನಿನ ಗಡಿಯತ್ತ ಮೆಲ್ಲಗೆ ಒಯ್ದರು. ಕಾವಲಿನ ಮೀನು ಎಷ್ಟು ದೂರದಲ್ಲಿದ್ದಾಗ ನುಗ್ಗಿ ಬರುತ್ತದೆ ಎಂದು ಅಳೆದರು. ತನ್ನದೇ ಜಾತಿ ಬಾಟಲಿಯಲ್ಲಿದ್ದರೆ ಬಹಳ ದೂರದಿಂದಲೇ ದಾಳಿ. ಹತ್ತಿರದ ನೆಂಟ ಜಾತಿಗಳಾದರೆ ಇನ್ನಷ್ಟು ಹತ್ತಿರ ಬರುವವರೆಗೆ ತಡೆಯುತ್ತದೆ. ಸಂಬಂಧವಿಲ್ಲದವು ಗೂಡಿನ ಬಳಿಗೇ ಬರಬಹುದು. 1974ರಲ್ಲಿ ಅವರು ಬರೆದದ್ದರ ಸಾರ ಇಷ್ಟು: ಮೀನಿನ ಗಡಿ ಒಂದೇ ಗೆರೆಯಲ್ಲ. ಒಂದರೊಳಗೊಂದು ಬರೆದ ಹಲವು ಗೆರೆಗಳು, ಎದುರು ಬಂದವನು ಯಾರು ಎಂಬುದರ ಮೇಲೆ ಗೆರೆ ಬದಲಾಗುತ್ತದೆ.

ತೊಟ್ಟಿ ಇಟ್ಟವರಿಗೆ ಇದು ಬಹಳ ದೊಡ್ಡ ತಿಳಿವು. ಎಂಟಡಿ ಉದ್ದದ ತೊಟ್ಟಿಯಲ್ಲಿ ತನ್ನದೇ ಜಾತಿಯನ್ನು ದೂರ ಇಡುವ ಗೆರೆ ಗಾಜಿನ ಆಚೆಗೂ ಹೋಗಿಬಿಡುತ್ತದೆ. ಓಡಿಹೋಗಲು ಜಾಗವೇ ಇಲ್ಲ. ಸೋತ ಮೀನು ದಿಬ್ಬದಲ್ಲಾದರೆ ಪಕ್ಕದ ಬಂಡೆಗೆ ಹೋಗಿ ಬದುಕುತ್ತದೆ, ತೊಟ್ಟಿಯಲ್ಲಿ ಸೋತದ್ದು ಮತ್ತೆ ಮತ್ತೆ ಅದೇ ಎದುರಾಳಿಯ ಕಣ್ಣಿಗೆ ಬೀಳುತ್ತದೆ.

ಗುಂಪಿನ ಬಲ, ಪಾಲಿನ ಬುದ್ಧಿ

ಹವಾಯಿಯ ದಡದಲ್ಲಿ ಮೈತುಂಬ ಕಪ್ಪು ಪಟ್ಟೆಗಳಿರುವ ಒಂದು ಸರ್ಜನ್ ಮೀನಿದೆ, ಅಲ್ಲಿನವರು ಅದನ್ನು ಮನಿನಿ ಎನ್ನುತ್ತಾರೆ. ಕಂದು ಬಣ್ಣದ ಇನ್ನೊಂದು ಸರ್ಜನ್ ಮೀನು, ನೈಗ್ರೋಫಸ್ಕಸ್, ಪಾಚಿಯ ಜಾಗ ಹಿಡಿದು ಮನಿನಿಯನ್ನು ಅಟ್ಟುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾರ್ಜ್ ಬಾರ್ಲೋ ಇವೆರಡನ್ನೂ ನೋಡಿ 1974ರಲ್ಲಿ ಒಂದು ವಿಚಿತ್ರ ಮಾತು ಹೇಳಿದರು. ಮನಿನಿ ಗುಂಪು ಕಟ್ಟುವುದಕ್ಕೆ ಕಾರಣ ಈ ಕಂದು ಮೀನು! ಒಂಟಿಯಾಗಿ ಬಂದ ಮನಿನಿಗೆ ಏಟು ಬೀಳುತ್ತದೆ. ದೊಡ್ಡ ಗುಂಪಾಗಿ ಇಳಿದಾಗ ಕಾವಲಿನ ಮೀನು ಒಂದನ್ನು ಓಡಿಸುವಷ್ಟರಲ್ಲಿ ಉಳಿದವು ಮೇಯುತ್ತವೆ. ಏಟು ಎಲ್ಲರಿಗೂ ಹಂಚಿಹೋಗಿ ಯಾರಿಗೂ ಮಾರಕವಾಗುವುದಿಲ್ಲ.

ಅಲ್ಡಾಬ್ರಾದಲ್ಲಿ ಕಂಡದ್ದು ಇನ್ನೊಂದು ಬಗೆ. ಹಿಂದೂ ಮಹಾಸಾಗರದ ಪಶ್ಚಿಮ ಭಾಗದಲ್ಲಿರುವ ಈ ಹವಳದ್ವೀಪದಲ್ಲಿ ರಾಸ್ ರಾಬರ್ಟ್‌ಸನ್, ನಿಕೊಲಸ್ ಪೊಲುನಿನ್ ಮತ್ತು ಲೇಟನ್ ಮೂರು ಸರ್ಜನ್ ಮೀನುಗಳ ದಿನಚರಿ ಬರೆದರು: ನೀಲಿ ಹಳದಿ ಗೆರೆಗಳ ಲೈನಿಯೇಟಸ್, ಆಕಾಶದ ಬಣ್ಣದ ಪೌಡರ್ ಬ್ಲೂ, ಉದ್ದ ಮೂತಿಯ ಸ್ಕೋಪಾಸ್. ಏನು ತಿನ್ನುತ್ತವೆ, ಯಾವ ಆಳದಲ್ಲಿ, ಯಾರೊಡನೆ ಜೋಡಿ, ಯಾರ ಮೇಲೆ ಕೋಪ, ಎಲ್ಲವೂ 1979ರ ಅವರ ಬರಹದಲ್ಲಿದೆ. ಎರಡು ವರ್ಷದ ಮೇಲೆ, 1981ರಲ್ಲಿ, ರಾಬರ್ಟ್‌ಸನ್ ಮತ್ತು ಪೊಲುನಿನ್ ಇನ್ನೂ ಮುಂದೆ ಹೋದರು. ದಿಬ್ಬದ ಕೆಲವು ಮೀನುಗಳು ಮೇವಿನ ಜಾಗವನ್ನೂ ಅಲ್ಲಿನ ಪಾಚಿಯನ್ನೂ ಒಟ್ಟಿಗೆ ಹಂಚಿಕೊಂಡು ಬಾಳುತ್ತವೆ ಎಂದು ತೋರಿಸಿದರು.

ಹಂಚಿಕೊಳ್ಳಲು ಆಗುವುದು ಬಾಯಿ ಬೇರೆಯಾಗಿರುವುದರಿಂದ. ಜೀಬ್ರಾಸೋಮಾ ಗುಂಪಿನವು ಉದ್ದ ಮೂತಿ ಹಾಕಿ ಕಲ್ಲಿನ ಸಂದಿಯ ಪಾಚಿ ಕೀಳುತ್ತವೆ. ಟೆನೋಕೀಟಸ್ ಗುಂಪಿನವಕ್ಕೆ ಬ್ರಷ್‌ನಂಥ ಹಲ್ಲು. ಪಾಚಿಯ ಮೇಲೆ ಕೂತ ಪುಡಿ ಕಸವನ್ನು ಬಾಚಿ ತಿನ್ನುತ್ತವೆ. ನೇಸೋ ಗುಂಪಿನ ಕೆಲವು ಕಂದು ಎಲೆಯಂಥ ದೊಡ್ಡ ಪಾಚಿಗೆ ಹೋಗುತ್ತವೆ. ಸಿನಿಮಾದ ಡೋರಿಯಾಗಿ ಮಕ್ಕಳಿಗೆಲ್ಲ ಗೊತ್ತಿರುವ ನೀಲಿ ಹೆಪಾಟಸ್ ನೀರಿನಲ್ಲಿ ತೇಲಿ ಬರುವ ಸೂಕ್ಷ್ಮಜೀವಿಗಳನ್ನು ಹಿಡಿಯುತ್ತದೆ.

ನಮ್ಮ ಕೆರೆಯ ಲೆಕ್ಕ

ಇದನ್ನು ಓದುವಾಗ ನಮ್ಮ ಕಡೆಯ ಮೀನು ಸಾಕಣೆದಾರರಿಗೆ ಹೊಸದೇನೂ ಅನ್ನಿಸಲಾರದು. ಕಾಟ್ಲಾದ ಬಾಯಿ ಮೇಲಕ್ಕೆ ತೆರೆದಿದೆ, ಅದು ನೀರಿನ ಮೇಲ್ಪದರದ ಜೀವಿಗಳನ್ನು ಸೋಸುತ್ತದೆ. ರೋಹು ನಡುವಿನ ಪದರದಲ್ಲಿ ಮೇಯುತ್ತದೆ. ಮೃಗಾಲ್‌ನ ಬಾಯಿ ಕೆಳಮುಖ, ಅದಕ್ಕೆ ತಳದ ಕೆಸರೇ ಊಟ. ಒಂದೇ ಕೆರೆ, ಮೂರು ಅಂತಸ್ತು.

ಬಂಗಾಳ, ಒಡಿಶಾದ ರೈತರು ಈ ಮೂರನ್ನೂ ಒಂದೇ ಹೊಂಡದಲ್ಲಿ ಬೆಳೆಸುತ್ತಿದ್ದುದು ಹಳೆಯ ಪದ್ಧತಿ. ಆದರೆ ಮರಿ ಬರುತ್ತಿದ್ದದ್ದು ಮಳೆಗಾಲದ ನದಿಯಿಂದ. ಬಲೆಗೆ ಬಿದ್ದದ್ದರಲ್ಲಿ ಯಾವ ಜಾತಿ ಎಷ್ಟು ಎಂದು ಹೇಳುವಂತಿರಲಿಲ್ಲ. ಯಾವ ಅಂತಸ್ತಿಗೆ ಎಷ್ಟು ಮೀನು ಎಂದು ಲೆಕ್ಕ ಹಾಕಬೇಕಾದರೆ ಶುದ್ಧ ಮರಿ ಬೇಕು. ಅದನ್ನು ಸಾಧ್ಯ ಮಾಡಿದವರು ಹೀರಾಲಾಲ್ ಚೌಧುರಿ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ, ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆ ಜಾತಿಯ ಮೀನು ನಿಂತ ನೀರಿನಲ್ಲಿ ಮೊಟ್ಟೆಯಿಡುವಂತೆ ಮಾಡಿದರು. ದೇಶದಲ್ಲಿ ಇವತ್ತಿಗೂ ಜುಲೈ 10 ಮೀನು ಕೃಷಿಕರ ದಿನ. 1959ರಲ್ಲಿ ಬೆಳ್ಳಿ ಗೆಂಡೆ, ಹುಲ್ಲು ಗೆಂಡೆ ಹೊರದೇಶದಿಂದ ಕಟಕ್‌ಗೆ ಬಂದವು. ಒಂದು ಕಣ್ಣಿಗೆ ಕಾಣದ ಹಸಿರು ಪಾಚಿ ಸೋಸುವುದು, ಇನ್ನೊಂದು ನೀರಿನ ಕಳೆ ಮೇಯುವುದು. ಸಾಮಾನ್ಯ ಗೆಂಡೆಯೂ ಸೇರಿ ಆರು ಜಾತಿಗಳ ಮಿಶ್ರ ಮೀನು ಸಾಕಣೆಯನ್ನು 1971ರಿಂದ ಅಖಿಲ ಭಾರತ ಮಟ್ಟದಲ್ಲಿ ಪರೀಕ್ಷಿಸಲಾಯಿತು. ನಮ್ಮ ಕೆರೆಗೆ ಬರುವ ಚೀಲದ ಹಿಂದೆ ಇಷ್ಟು ಕತೆಯಿದೆ.

ಗೆಂಡೆಗಳು ಜಾಗಕ್ಕೆ ಕಾವಲು ನಿಲ್ಲುವ ಮೀನುಗಳಲ್ಲ, ಅದರಿಂದ ಪಾಲು ಬೇರೆಯಾದರೆ ಸಾಕು. ಟ್ಯಾಂಗ್‌ಗೆ ಪಾಲಿನ ಜೊತೆ ಗಡಿಯೂ ಬೇಕು. ಅದಕ್ಕೇ ಉಪ್ಪುನೀರಿನ ತೊಟ್ಟಿ ಕಷ್ಟದ ವಿದ್ಯೆ.

ತೊಟ್ಟಿಯಲ್ಲಿ ಕಲಿತದ್ದು

ವಿಜ್ಞಾನಿಗಳು ದಿಬ್ಬದಲ್ಲಿ ಕಂಡದ್ದನ್ನೇ ಹವ್ಯಾಸಿಗಳು ತೊಟ್ಟಿಯಲ್ಲಿ ಕೈಯಾರೆ ಕಲಿತರು. ಇವತ್ತು ಅನುಭವಿಗಳು ಪಾಲಿಸುವ ಒಂದೊಂದು ಕ್ರಮದ ಹಿಂದೆಯೂ ಮೇಲಿನ ಒಂದೊಂದು ಸಂಗತಿ ಇದೆ.

ತೊಟ್ಟಿ ಕನಿಷ್ಠ ಆರಡಿ ಉದ್ದವಿರಬೇಕು, ನೀರು ಸಾವಿರ ಲೀಟರ್ ಮೀರಿರಬೇಕು. ಇವು ಎತ್ತರಕ್ಕಿಂತ ಉದ್ದಕ್ಕೆ ಈಜುವ ಮೀನು. ಒಂದೇ ಆಕಾರದ ಎರಡನ್ನು ತರುವುದಿಲ್ಲ. ಒಂದು ಜೀಬ್ರಾಸೋಮಾ, ಒಂದು ಟೆನೋಕೀಟಸ್, ಒಂದು ಹೆಪಾಟಸ್ ಎಂದು ಗುಂಪಿಗೊಂದು ಆರಿಸುತ್ತಾರೆ. ಸಾಧು ಸ್ವಭಾವದ್ದು ಮೊದಲು, ಸೋಹಲ್, ಲೈನಿಯೇಟಸ್, ಪೌಡರ್ ಬ್ಲೂ ತರಹದ ಜಗಳಗಂಟಿಗಳು ಕೊನೆಗೆ. ಇಲ್ಲವೇ ಎಲ್ಲವನ್ನೂ ಒಂದೇ ದಿನ ಬಿಡುತ್ತಾರೆ. ಆಗ ಯಾವುದಕ್ಕೂ ಹಳೆಯ ಹಕ್ಕು ಇರುವುದಿಲ್ಲ, ಮನಿನಿಗಳ ಗುಂಪಿನಲ್ಲಾದಂತೆ ಏಟೂ ಹಂಚಿಹೋಗುತ್ತದೆ. ಕಲ್ಲುಗಳನ್ನು ಎತ್ತಿ ಬೇರೆ ರೀತಿ ಜೋಡಿಸಿದರೆ ಹಳೆಯ ಗಡಿ ಅಳಿಸಿಹೋಗುತ್ತದೆ. ಒಣಗಿಸಿದ ಕಡಲಪಾಚಿಯ ಹಾಳೆಯನ್ನು ಒಂದೇ ಕಡೆ ಕಟ್ಟದೆ ಮೂರು ನಾಲ್ಕು ಮೂಲೆಯಲ್ಲಿ ಕ್ಲಿಪ್ ಹಾಕಿ ಕಟ್ಟುತ್ತಾರೆ, ದಿನಕ್ಕೆ ಹಲವು ಸಲ. ಹೊಟ್ಟೆ ತುಂಬಿದ ಟ್ಯಾಂಗ್ ಗಡಿಯ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಹೊಸದಾಗಿ ಬಂದದ್ದನ್ನು ಮೊದಲು ಬೇರೆ ತೊಟ್ಟಿಯಲ್ಲಿ ವಾರಗಟ್ಟಲೆ ಇಟ್ಟು ನೋಡುವುದು ಕಡ್ಡಾಯ, ಏಕೆಂದರೆ ಕ್ರಿಪ್ಟೋಕ್ಯಾರಿಯನ್ ಎಂಬ ಪರಾವಲಂಬಿಯ ಬಿಳಿಚುಕ್ಕೆ ರೋಗಕ್ಕೆ ಸರ್ಜನ್ ಮೀನುಗಳು ಬೇಗ ತುತ್ತಾಗುತ್ತವೆ. ಒಂದರಿಂದ ಇಡೀ ತೊಟ್ಟಿ ಹೋಗುತ್ತದೆ.

ಇದರಲ್ಲಿ ನೋಡಲೇಬೇಕಾದದ್ದು ಕನ್ನಡಿಯ ಉಪಾಯ. ಹೊಸ ಮೀನನ್ನು ತೂತುಗಳಿರುವ ಪಾರದರ್ಶಕ ಪೆಟ್ಟಿಗೆಯಲ್ಲಿಟ್ಟು ತೊಟ್ಟಿಯೊಳಗೆ ಒಂದು ಕೊನೆಯಲ್ಲಿ ಇಳಿಬಿಡುತ್ತಾರೆ. ಇನ್ನೊಂದು ಕೊನೆಯಲ್ಲಿ ಗಾಜಿನ ಹೊರಮೈಗೆ ಕನ್ನಡಿ ಆನಿಸುತ್ತಾರೆ. ಹಳೆಯ ಟ್ಯಾಂಗ್ ಮೊದಲು ಪೆಟ್ಟಿಗೆಯ ಸುತ್ತ ಸುತ್ತುತ್ತದೆ. ಆಮೇಲೆ ಕನ್ನಡಿ ಕಣ್ಣಿಗೆ ಬೀಳುತ್ತದೆ. ಅಲ್ಲಿರುವುದು ತನ್ನದೇ ಜಾತಿ, ತನ್ನಷ್ಟೇ ಗಾತ್ರ, ತಾನು ತಿರುಗಿದರೆ ತಿರುಗುವ, ತಾನು ರೆಕ್ಕೆ ಎತ್ತಿದರೆ ರೆಕ್ಕೆ ಎತ್ತುವ ಎದುರಾಳಿ. ಪೆಟ್ಟಿಗೆಯ ಮೀನನ್ನು ಬಿಟ್ಟು ಅದು ಕನ್ನಡಿಯ ಮುಂದೆ ನಿಲ್ಲುತ್ತದೆ. ಬೆನ್ನಿನ ರೆಕ್ಕೆಯ ಮುಳ್ಳುಗಳು ಒಂದೊಂದಾಗಿ ನಿಮಿರುತ್ತವೆ, ಬಣ್ಣ ಕಡುವಾಗುತ್ತದೆ, ಬಾಲ ಗಾಜಿನತ್ತ ತಿರುಗುತ್ತದೆ. ಆ ಹೊತ್ತಿನಲ್ಲಿ ಹೊಸಬ ಪೆಟ್ಟಿಗೆಯೊಳಗೆ ಉಸಿರು ಸುಧಾರಿಸಿಕೊಳ್ಳುತ್ತದೆ, ಮೇವು ಮುಟ್ಟುತ್ತದೆ, ನೀರಿಗೆ ಹೊಂದಿಕೊಳ್ಳುತ್ತದೆ. ಲೊರೆಂಟ್ಸ್ ಬರೆದ ನೂರಕ್ಕೆ 85 ಎಂಬುದು ಇಲ್ಲಿ ಕಣ್ಣೆದುರಿಗೇ ಕಾಣುತ್ತದೆ.

ಮಂಗಳೂರಿನಿಂದ ಆಳಿದ ದ್ವೀಪಗಳು

ಈ ಮೀನುಗಳು ನಮ್ಮಿಂದ ತೀರ ದೂರದವು ಎಂದುಕೊಳ್ಳಬೇಕಾಗಿಲ್ಲ. ಲಕ್ಷದ್ವೀಪದ ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಆಡಳಿತ ಮಂಗಳೂರಿನದು. ಆ ಹವಳದಿಬ್ಬಗಳಲ್ಲಿ ಸರ್ಜನ್ ಮೀನುಗಳು ಹಿಂಡುಹಿಂಡಾಗಿ ಮೇಯುತ್ತವೆ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಎಸ್. ಜೋನ್ಸ್ ಮತ್ತು ಎಂ. ಕುಮಾರನ್ 1980ರಲ್ಲಿ ತಂದ ಗ್ರಂಥದಲ್ಲಿ ಲಕ್ಷದ್ವೀಪದ 603 ಮೀನು ಜಾತಿಗಳ ವಿವರವಿದೆ.

1998ರಲ್ಲಿ ಕಡಲು ಕಾದು ಲಕ್ಷದ್ವೀಪದ ಹವಳಗಳು ಬಿಳುಚಿ ಸತ್ತವು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ರೋಹನ್ ಆರ್ಥರ್ ಮತ್ತು ಜೊತೆಗಾರರು ಅಂದಿನಿಂದ ಆ ದಿಬ್ಬಗಳ ಸ್ಥಿತಿಯನ್ನು ಹಿಂಬಾಲಿಸುತ್ತ ಬಂದಿದ್ದಾರೆ. ಸತ್ತ ಹವಳದ ಮೇಲೆ ಪಾಚಿ ದಟ್ಟವಾಗಿ ಹಬ್ಬಿದರೆ ಹೊಸ ಹವಳದ ಮರಿ ಕೂರಲು ಜಾಗ ಸಿಗುವುದಿಲ್ಲ. ಪಾಚಿ ಮೇಯುವ ಮೀನುಗಳು ಆ ಕಲ್ಲನ್ನು ಚೊಕ್ಕಟವಾಗಿಡುತ್ತವೆ. ತೊಟ್ಟಿಯಲ್ಲಿ ನಾವು ಜಗಳ ಎನ್ನುವುದು ದಿಬ್ಬದಲ್ಲಿ ಮೇಯುವವರನ್ನು ಎಲ್ಲ ಕಡೆಗೂ ಹರಡುವ ವ್ಯವಸ್ಥೆ. ಬಗೆಬಗೆಯ ಬಾಯಿಗಳು ಒಟ್ಟಿಗೆ ಇದ್ದಷ್ಟೂ ದಿಬ್ಬಕ್ಕೆ ಒಳ್ಳೆಯದು.

ಹಾಗಾಗಿ ತೊಟ್ಟಿಗೆ ಬರುವ ಮೀನು ಎಲ್ಲಿಂದ ಬರುತ್ತದೆ ಎಂದು ಕೇಳುವುದು ನಮ್ಮ ಕರ್ತವ್ಯ. ಹವಾಯಿಯಲ್ಲಿ ದಡದಿಂದ ಹಿಡಿಯುತ್ತಿದ್ದ ಅಲಂಕಾರ ಮೀನುಗಳಲ್ಲಿ ಯೆಲ್ಲೋ ಟ್ಯಾಂಗ್‌ನದೇ ಸಿಂಹಪಾಲು. ಅದನ್ನು ಮರಿಮಾಡಿಸುವುದು ವರ್ಷಗಟ್ಟಲೆ ಯಾರಿಗೂ ಒಲಿಯಲಿಲ್ಲ. ಮರಿಗಳ ಬಾಯಿ ಅಷ್ಟು ಚಿಕ್ಕದು, ಮೊದಲ ದಿನಗಳಲ್ಲಿ ಅವಕ್ಕೆ ತಿನ್ನಿಸುವಂಥ ಸಣ್ಣ ಜೀವಿ ಸಿಗುವುದು ಕಷ್ಟ. ಹವಾಯಿಯ ಓಶಿಯಾನಿಕ್ ಇನ್‌ಸ್ಟಿಟ್ಯೂಟ್ 2015ರಲ್ಲಿ ಕೋಪೆಪಾಡ್ ಎಂಬ ಸೂಕ್ಷ್ಮ ಜೀವಿಗಳನ್ನು ಬೆಳೆಸಿ ತಿನ್ನಿಸಿ ಮೊದಲ ಬಾರಿಗೆ ಯೆಲ್ಲೋ ಟ್ಯಾಂಗ್ ಮರಿಗಳನ್ನು ದೊಡ್ಡದು ಮಾಡಿತು. ಮರುವರ್ಷ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ನೀಲಿ ಹೆಪಾಟಸ್‌ನ ಮರಿಗಳೂ ಬೆಳೆದವು. ಅಂಗುಲ್‌ನಲ್ಲಿ 1957ರಲ್ಲಿ ಗೆಂಡೆಗೆ ಆದದ್ದು ಟ್ಯಾಂಗ್‌ಗೆ ಆಗಲು ಅರ್ಧ ಶತಮಾನಕ್ಕೂ ಮಿಕ್ಕಿ ಬೇಕಾಯಿತು. ಮೀನಿನ ಹಾಗೆಯೇ ತೊಟ್ಟಿಯ ಕಲ್ಲು ಎಲ್ಲಿಂದ ಬಂತೆಂದೂ ಕೇಳಬೇಕು. ನಮ್ಮಲ್ಲಿ ಕಲ್ಲುಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಆನೆಗಳ ಸಾಲಿನಲ್ಲಿ. ಅವನ್ನು ಕಡಲಿನಿಂದ ಕೀಳುವುದು, ಮಾರುವುದು ಅಪರಾಧ. ಹಾಗಾಗಿ ತೊಟ್ಟಿಗೆ ಕೃತಕ ಕಲ್ಲೇ ಸರಿ.

ಇಷ್ಟೆಲ್ಲ ತಿಳಿದ ಮೇಲೆ ಹಲವು ಟ್ಯಾಂಗ್‌ಗಳನ್ನು ಒಟ್ಟಿಗೆ ಸಾಕಬಹುದೇ ಎಂದು ಕೇಳಿದರೆ ನನ್ನ ಉತ್ತರ ಹೌದು. ಆದರೆ ಉದ್ದದ ತೊಟ್ಟಿ, ಬೇರೆ ಬೇರೆ ಬಾಯಿ, ಎಲ್ಲ ಮೂಲೆಯಲ್ಲೂ ಮೇವು, ಮರಿಕೇಂದ್ರದಲ್ಲಿ ಹುಟ್ಟಿದ ಮೀನು, ಮತ್ತು ಮೂವತ್ತು ವರ್ಷದ ಜವಾಬ್ದಾರಿ, ಈ ಐದೂ ಇರುವವರು ಮಾತ್ರ. ಇವುಗಳಲ್ಲಿ ಒಂದು ಕಡಿಮೆಯಾದರೂ ಒಂದೇ ಟ್ಯಾಂಗ್ ಸಾಕಲಿ, ಅಥವಾ ತೊಟ್ಟಿಗೆ ತಕ್ಕ ಬೇರೆ ಸಣ್ಣ ಮೀನು ನೋಡಿಕೊಳ್ಳಲಿ. ಮೀನಿನ ಸ್ವಭಾವ ತಿದ್ದಲು ಯಾರಿಂದಲೂ ಆಗಿಲ್ಲ. ಆಗಿರುವುದು ಅದಕ್ಕೆ ತಕ್ಕಂತೆ ಜಾಗ ಮತ್ತು ಪಾಲು ಮಾಡಿಕೊಡುವುದು, ಅದನ್ನು ಮಾಡುವ ಕೆಲಸ ಸಾಕುವವರದು.